ಎಸ್ಸೆಸ್ಸೆಲ್ಸಿ ಆದ ಮೇಲಿನ ಎರಡು ತಿಂಗಳು: ನನ್ನ ಅನುಭವ

ಸುರಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ನಮ್ಮ ಯಾದಗಿರಿ ಜಿಲ್ಲೆ ರಾಜ್ಯಕ್ಕೆಲ್ಲ ನೆನಪಾಗುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಅದೂ ಪಟ್ಟಿಯ ಕೆಳತುದಿಯಲ್ಲಿ. 2024ರಲ್ಲಿ ಉಡುಪಿ ಶೇ. 94 ತೆಗೆದು ಮೊದಲು ಬಂತು. ನಾವು ಶೇ. 50.59 ತೆಗೆದು ಕೊನೆಗೆ ನಿಂತೆವು. ಆ ಒಂದು ವಾರ ಎಲ್ಲರೂ ಫೇಲಾದವರ ಬಗ್ಗೆ ಮಾತಾಡಿದರು. ಮಾತಾಡಬೇಕಾದದ್ದೇ. ಆದರೆ ಪಾಸಾದ ಆ ಅರ್ಧ ಮಕ್ಕಳು ಜೂನ್ ಆದ ಮೇಲೆ ಎಲ್ಲಿದ್ದಾರೆ ಅಂತ ಯಾರೂ ಕೇಳಲಿಲ್ಲ.

ನಾನು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಎಡಗಡೆ ಪಾಸಾದವರ ಹೆಸರು, ಬಲಗಡೆ ಆಗಸ್ಟ್ ತಿಂಗಳಲ್ಲಿ ಅವರು ಎಲ್ಲಿದ್ದಾರೆ ಅನ್ನುವುದು. ಬರೆಯುತ್ತಾ ಹೋದಾಗ ಗೊತ್ತಾಯಿತು. ಫಸ್ಟ್ ಕ್ಲಾಸ್ ಬಂದ ಮಕ್ಕಳೂ ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಅಪ್ಪ-ಅವ್ವನ ಜೊತೆ ಇದ್ದರು. ಕಾರಣ ಕೇಳಿದರೆ "ಓದು ಬ್ಯಾಡ ಅಂದ್ರು" ಅಂತ ಹೇಳಿದವರು ಬಹಳ ಕಡಿಮೆ. ಹಾಸ್ಟೆಲ್ ಅರ್ಜಿಯ ದಿನ ಮುಗಿದಿತ್ತು. ಜಾತಿ-ಆದಾಯ ಪ್ರಮಾಣಪತ್ರ ತಡವಾಗಿ ಬಂತು. ಆಧಾರ್ ಹೆಸರು ತಾಳೆ ಆಗಲಿಲ್ಲ. ಅಡ್ಮಿಶನ್ ದಿನ ಮನೆಯಲ್ಲಿ ರೊಕ್ಕ ಇರಲಿಲ್ಲ. ಇಷ್ಟೇ. ಮಗು ಪರೀಕ್ಷೆ ಗೆದ್ದಿತ್ತು. ಪರೀಕ್ಷೆಗೂ ಮುಂದಿನ ಬೆಂಚಿಗೂ ನಡುವಿನ ಎರಡು ತಿಂಗಳಲ್ಲಿ ಸೋತಿತ್ತು.

ಮೇಷ್ಟ್ರ ಮಕ್ಕಳಿಗೆ, ಗುಮಾಸ್ತರ ಮಕ್ಕಳಿಗೆ ಈ ಎರಡು ತಿಂಗಳು ಒಂದು ಸಮಸ್ಯೆಯೇ ಅಲ್ಲ. ಯಾವ ಕಾಗದ ಯಾವಾಗ ಬೇಕು ಅಂತ ಮನೆಯಲ್ಲಿ ಊಟಕ್ಕೆ ಕೂತಾಗಲೇ ಮಾತು ಬಂದು ಹೋಗಿರುತ್ತದೆ. ನಮ್ಮಪ್ಪ ಹಮಾಲಿ ಮಾಡುತ್ತಿದ್ದರು. ನನಗೆ ಹಾಸ್ಟೆಲ್ ಅರ್ಜಿ ತುಂಬಿಸಿಕೊಟ್ಟವರು ನಮ್ಮೂರ ಪೋಸ್ಟ್‌ಮಾಸ್ಟರ್. ಹಿಂದುಳಿದ ವರ್ಗದ ಮಕ್ಕಳ ಸರ್ಕಾರಿ ಹಾಸ್ಟೆಲ್, ಅಂದರೆ ಬಿಸಿಎಂ ಹಾಸ್ಟೆಲ್ ಊಟ ತಿಂದು ಪಿಯುಸಿ, ಡಿಗ್ರಿ, ಬಿ.ಇಡಿ. ಮುಗಿಸಿದೆ. ಅವರು ಅಂದು ರಜೆ ಮೇಲೆ ಹೋಗಿದ್ದರೆ ನಾನು ಎಲ್ಲಿರುತ್ತಿದ್ದೆನೋ. ಹೀಗೆ ಒಬ್ಬೊಬ್ಬರ ಅದೃಷ್ಟಕ್ಕೆ ಬಿಡುವ ಕೆಲಸ ಇದಲ್ಲ ಅನ್ನಿಸಿತು. ಅಲ್ಲಿಂದ ಶುರು ಮಾಡಿದೆ.

ಕಾಗದದ ಕೆಲಸವನ್ನು ನಾನು ಒಂಬತ್ತನೇ ತರಗತಿಯಲ್ಲೇ ಹಿಡಿಯುತ್ತೇನೆ. ಹತ್ತನೇ ತರಗತಿಗೆ ಬಂದ ಮೇಲೆ ತಡವಾಗುತ್ತದೆ. ಮೊದಲು ಹೆಸರು. ದಾಖಲಾತಿ ಪುಸ್ತಕದಲ್ಲಿ ಮಲ್ಲಮ್ಮ, ಆಧಾರ್‌ನಲ್ಲಿ ಮಲ್ಲವ್ವ, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಮನೆಯಲ್ಲಿ ಇದು ಯಾರಿಗೂ ತೊಂದರೆ ಕೊಟ್ಟಿರುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಇವರು ಮೂರು ಬೇರೆ ಬೇರೆ ಹುಡುಗಿಯರು. ಬೋರ್ಡಿಗೆ ಹೆಸರು ಕಳಿಸುವ ಮುಂಚೆ ಸರಿ ಮಾಡಿಸಿದರೆ ಶಾಲೆ ಮಟ್ಟದಲ್ಲೇ ಮುಗಿಯುತ್ತದೆ. ಅಂಕಪಟ್ಟಿ ಅಚ್ಚಾದ ಮೇಲೆ ಅಲೆದಾಟ. ಹುಟ್ಟಿದ ದಿನಾಂಕದ ವಿಷಯವಾದರೆ ಕೋರ್ಟಿನವರೆಗೂ ಹೋಗಬೇಕಾದೀತು. ಆಧಾರ್‌ನಲ್ಲಿ ಹೆಸರನ್ನು ಎರಡೇ ಸಲ ತಿದ್ದಬಹುದು, ಹುಟ್ಟಿದ ದಿನಾಂಕವನ್ನು ಒಂದೇ ಸಲ. ಅದಕ್ಕೇ ಯಾವುದನ್ನು ಯಾವುದಕ್ಕೆ ಹೊಂದಿಸಬೇಕು ಅಂತ ಮೊದಲೇ ಕೂತು ತೀರ್ಮಾನ ಮಾಡಿ ಆಮೇಲೆ ಆಧಾರ್ ಸೆಂಟರಿಗೆ ಕಳಿಸುತ್ತೇನೆ.

ಆಮೇಲೆ ನಾಡಕಚೇರಿ. ಜಾತಿ-ಆದಾಯ ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ಇಲ್ಲದೆ ಹಾಸ್ಟೆಲ್, ಸ್ಕಾಲರ್‌ಶಿಪ್, ಎಂಜಿನಿಯರಿಂಗ್‌ನಂಥ ಕೋರ್ಸಿಗೆ ಬರೆಯುವ ಸಿಇಟಿ ಪ್ರವೇಶ ಪರೀಕ್ಷೆ ಯಾವುದೂ ನಡೆಯುವುದಿಲ್ಲ. ನಂಬರನ್ನು ಮಗುವಿನ ಗಣಿತ ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬರೆಸುತ್ತೇನೆ. ಪ್ರಮಾಣಪತ್ರ ಕಳೆದರೂ ನಂಬರ್ ಇದ್ದರೆ ಮತ್ತೆ ತೆಗೆಯಬಹುದು.

ನಮ್ಮ ಭಾಗದವರಿಗೆ ಇನ್ನೊಂದು ಕಾಗದ ಇದೆ, 371ಜೆ ಪ್ರಮಾಣಪತ್ರ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಸೌಲಭ್ಯ ಇದು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟು ಇಲ್ಲಿಯವರಿಗೇ, ರಾಜ್ಯದ ಉಳಿದ ಕಡೆ ಶೇ. 8. ಕೆಲಸಗಳಲ್ಲೂ ದೊಡ್ಡ ಪಾಲಿದೆ. ಇದನ್ನು ಕೊಡುವವರು ಎ.ಸಿ. ಸಾಹೇಬರು, ಅಂದರೆ ಉಪವಿಭಾಗಾಧಿಕಾರಿ. ಸಿಇಟಿ ಅರ್ಜಿ ಹಾಕುವ ವಾರ ನೆನಪಾದರೆ ಪ್ರಯೋಜನವಿಲ್ಲ.

ಇಲ್ಲಿ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮ ಕೋಟಾ ಶೇ. 5 ಇದೆ. ಗ್ರಾಮೀಣ ಕೋಟಾ ಸಿಗಬೇಕಾದರೆ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹಳ್ಳಿಯಲ್ಲೇ ಓದಿರಬೇಕು. ಗುಳೆ ಹೋದ, ಅಂದರೆ ದುಡಿಯಲು ಊರು ಬಿಟ್ಟು ಹೋದ ಅಪ್ಪ-ಅವ್ವ ಮಗುವನ್ನು ಸುಮ್ನೆ ಕೂಡಿಸಬಾರದು ಅಂತ ಬೆಂಗಳೂರಿನ ಶಾಲೆಗೆ ಎರಡು ವರ್ಷ ಸೇರಿಸಿದರು ಅನ್ನಿ. ಅವರು ಮಾಡಿದ್ದು ಒಳ್ಳೆಯ ಕೆಲಸವೇ. ಆದರೆ ಮಗುವಿನ ಗ್ರಾಮೀಣ ಕೋಟಾ ಹೋಯಿತು. ಶೆಡ್ಡಿನಲ್ಲಿ ಮಲಗಿ ಓದಿದ ಮಗು ಆ ಎರಡು ವರ್ಷ ಲೆಕ್ಕಕ್ಕೆ ನಗರದ ವಿದ್ಯಾರ್ಥಿ! ಈ ನಿಯಮ ಬರೆದವರಿಗೆ ಗುಳೆ ಅಂದರೇನು ಅಂತ ಗೊತ್ತಿರಲಿಲ್ಲವೋ ಏನೋ. ಈಗ ನಾನು ಗುಳೆ ಹೊರಟವರಿಗೆ ಇದನ್ನು ಮೊದಲೇ ಹೇಳುತ್ತೇನೆ. ಅಜ್ಜಿ ಇದ್ದರೆ ಮಗುವನ್ನು ಇಲ್ಲೇ ಬಿಡಿ, ಇಲ್ಲದಿದ್ದರೆ ಹಾಸ್ಟೆಲ್ ನೋಡೋಣ ಅಂತ.

ಬ್ಯಾಂಕ್ ಖಾತೆಯದು ಸಣ್ಣ ವಿಷಯ, ಆದರೆ ತುಂಬ ಕಾಡುತ್ತದೆ. ಚಿಕ್ಕ ಕ್ಲಾಸಿನಲ್ಲಿ ತೆಗೆಸಿದ ಖಾತೆ ಎರಡು ವರ್ಷ ವ್ಯವಹಾರ ಇಲ್ಲದೆ ನಿಷ್ಕ್ರಿಯವಾಗಿರುತ್ತದೆ. ಆಧಾರ್ ಜೋಡಣೆ ಆಗಿಲ್ಲದಿದ್ದರೆ ಸ್ಕಾಲರ್‌ಶಿಪ್ ಮಂಜೂರಾದರೂ ದುಡ್ಡು ಬರುವುದಿಲ್ಲ. ನಮ್ಮ ಅಂಚೆಯಣ್ಣನನ್ನು ಶಾಲೆಗೇ ಕರೆಸಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಿಸುತ್ತೇನೆ. ಬೆರಳಚ್ಚು ಕೊಟ್ಟರೆ ಅಲ್ಲೇ ಕೆಲಸ ಮುಗಿಯುತ್ತದೆ, ಪಟ್ಟಣಕ್ಕೆ ಹೋಗಿ ಸಾಲಿನಲ್ಲಿ ನಿಲ್ಲಬೇಕಿಲ್ಲ.

ಕಾಗದಕ್ಕಿಂತ ಕಷ್ಟದ್ದು ಮನೆಯವರ ಜೊತೆ ಮಾತು. ಇದಕ್ಕೆ ಹೊತ್ತು ಗೊತ್ತು ಇದೆ. ಫಲಿತಾಂಶ ಬಂದ ಮೇಲೆ ಮಾತಾಡಿದರೆ ಆಗುವುದಿಲ್ಲ, ಅಷ್ಟೊತ್ತಿಗೆ ತೀರ್ಮಾನ ಆಗಿರುತ್ತದೆ. ದೀಪಾವಳಿ ಮುಗಿದು ಗುಳೆ ಹೊರಡುವ ಮುಂಚೆ ಒಮ್ಮೆ, ಯುಗಾದಿಗೆ ಊರಿಗೆ ಬಂದಾಗ ಒಮ್ಮೆ ಮನೆಗೆ ಹೋಗುತ್ತೇನೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಹೋದರೆ ಮನೆಯಲ್ಲಿ ಯಾರೂ ಸಿಗುವುದಿಲ್ಲ. ಮಕ್ಕಳೂ ಹೊಲದಲ್ಲೇ ಇರುತ್ತಾರೆ.

ಒಬ್ಬ ಹುಡುಗನ ಅಪ್ಪ ಒಮ್ಮೆ ಕಟ್ಟೆ ಮೇಲೆ ಕೂತು ನನ್ನನ್ನು ಕೇಳಿದರು. "ಅಕ್ಕೋರೇ, ಓದಸಬಾರ್ದು ಅಂತ ಇಲ್ರಿ. ಆದ್ರ ಇವ್ನ ಅಣ್ಣ ಬಿ.ಎ. ಮುಗಿಸ್ಯಾನ. ಈಗ ನನ್ನ ಜತೀಗೇ ಗೌಂಡಿ ಕೆಲ್ಸಕ್ಕ ಬರ್ತಾನ. ನಾ ಓದಿಲ್ಲ, ಅವ ಓದ್ಯಾನ. ಕೂಲಿ ಇಬ್ರಿಗೂ ಒಂದ." ಇದಕ್ಕೆ ಭಾಷಣದಲ್ಲಿ ಉತ್ತರ ಇಲ್ಲ. ವಿದ್ಯೆ ದೊಡ್ಡದು, ವಿದ್ಯೆ ಬೆಳಕು ಅಂತ ಹೇಳಿದರೆ ಅವರು ತಲೆ ಆಡಿಸುತ್ತಾರೆ, ಜೂನ್‌ನಲ್ಲಿ ಮಗನನ್ನು ಕರೆದುಕೊಂಡು ಬಸ್ಸು ಹತ್ತುತ್ತಾರೆ. ಅವರ ಲೆಕ್ಕ ಸರಿ ಇದೆ. ಬೆಂಗಳೂರಿನಲ್ಲಿ ದಿನಕ್ಕೆ 700-800 ರೂಪಾಯಿ ತರುವ ಕೈಯನ್ನು ಮೂರು ವರ್ಷ ಬೆಂಚಿನ ಮೇಲೆ ಕೂಡಿಸುವುದು ಅಂದರೆ ಅವರಿಗೆ ನಿಜವಾದ ನಷ್ಟ.

"ನೀವು ಹೇಳೂದು ಖರೇ ಐತಿ ಕಾಕಾ" ಅಂದೆ. ಆಮೇಲೆ ನನ್ನ ನೋಟ್‌ಬುಕ್ ತೆಗೆದೆ. ಓದಿದರೆ ಕೆಲಸ ಸಿಕ್ಕೇ ಸಿಗುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ನಮ್ಮ ಶಾಲೆಯಿಂದ ಹೋದವರು ಯಾವ ಕೋರ್ಸ್ ಮಾಡಿದರು, ಎಷ್ಟು ವರ್ಷ ಹಿಡಿಯಿತು, ಈಗ ಎಲ್ಲಿದ್ದಾರೆ, ಎಷ್ಟು ತರುತ್ತಾರೆ ಅಂತ ತೋರಿಸುತ್ತೇನೆ. ಎಲ್ಲರೂ ಅವರಿಗೆ ಗೊತ್ತಿರುವ ಮನೆಯ ಮಕ್ಕಳೇ. ಯಾರದು ಚೆನ್ನಾಗಿ ಆಗಲಿಲ್ಲ ಅನ್ನುವುದನ್ನೂ ಮುಚ್ಚಿಡುವುದಿಲ್ಲ. ಆ ಹುಡುಗನನ್ನು ಕೊನೆಗೆ ಐಟಿಐ ಎಲೆಕ್ಟ್ರಿಷಿಯನ್‌ಗೆ ಕಳಿಸಲು ಒಪ್ಪಿದರು. ಎರಡು ವರ್ಷದ್ದು ಅಂತ, ಮತ್ತೆ ಅಣ್ಣ ನಿಂತು ಮಾತಾಡಿದ ಅಂತ. ಬಿ.ಎ. ಮಾಡಿದ್ದು ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು ನೋಡಿ.

ಅವ್ವಂದಿರ ಜೊತೆ ಮಾತು ಬೇರೆ ಥರ. 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಅವರ ಖಾತೆಗೆ ಬರುತ್ತಿದೆ. ಅದರ ಬಗ್ಗೆ ಪಟ್ಟಣದವರು ಏನೇನೋ ಹೇಳುತ್ತಾರೆ. ನಾನು ಕಂಡದ್ದು ಇಷ್ಟು. ಮೊದಲು "ಅವ್ರನ್ನ ಕೇಳಿ ಹೇಳ್ತೀನ್ರಿ" ಅನ್ನುತ್ತಿದ್ದ ತಾಯಂದಿರು ಈಗ "ಫೀ ನಾ ಕಟ್ತೀನಿ, ನೀವು ಸೀಟು ನೋಡ್ರಿ" ಅನ್ನುತ್ತಾರೆ. ಎಲ್ಲರೂ ಅಲ್ಲ. ಆದರೆ ಮೊದಲು ಒಬ್ಬರೂ ಹಾಗೆ ಹೇಳುತ್ತಿರಲಿಲ್ಲ.

ಹುಡುಗಿಯರ ವಿಷಯದಲ್ಲಿ ಏಪ್ರಿಲ್-ಮೇ ತುಂಬ ಅಪಾಯದ ಕಾಲ. ಮದುವೆ ಸೀಸನ್. ಹದಿನೆಂಟು ಆಗಿಲ್ಲದ ಹುಡುಗಿಯ ಮದುವೆ ನಮ್ಮ ರಾಜ್ಯದ ಕಾನೂನಿನಲ್ಲಿ ಅಸಿಂಧು, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು. ಮಾಡಿಯೂ ಇದ್ದೇನೆ. ಆದರೆ ಅದು ಕೊನೆಯ ದಾರಿ. ಅದಕ್ಕಿಂತ ಮುಂಚೆ ಹುಡುಗಿಯ ಕೈಯಲ್ಲಿ ಒಂದು ಸೀಟು ಇರಬೇಕು. "ಓದಿಸ್ರಿ" ಅಂತ ಬರೀ ಬಾಯಲ್ಲಿ ಹೇಳಿದರೆ ನೆಂಟರ ಮುಂದೆ ತಾಯಿಗೆ ಹೇಳಲು ಏನೂ ಇರುವುದಿಲ್ಲ. ಹೆಸರು ಬರೆದ ಅಡ್ಮಿಶನ್ ಕಾಗದ ಇದ್ದರೆ "ಹಾಸ್ಟೆಲ್‌ನಾಗ ಸೀಟ್ ಸಿಕ್ಕದ, ಮುಗೀಲಿ, ಆಮ್ಯಾಲ ನೋಡೋಣು" ಅಂತ ಹೇಳಬಹುದು. ನಿಶ್ಚಯದ ಮಾತು ಎರಡು ವರ್ಷ ಮುಂದೆ ಹೋದರೆ ಎಷ್ಟೋ ಸಲ ಪೂರ್ತಿ ಬಿದ್ದೇ ಹೋಗುತ್ತದೆ.

ಯಾವ ಕೋರ್ಸ್ ಅನ್ನುವ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಒಳ್ಳೆ ಅಂಕ ಬಂದವರೆಲ್ಲ ಪಿಯು ಸೈನ್ಸ್‌ಗೆ ಅಂತ ನಮ್ಮ ಕಡೆ ಒಂದು ಹುಚ್ಚಿದೆ. ಸೈನ್ಸ್ ತಗೊಂಡು, ಕೋಚಿಂಗ್ ಇಲ್ಲದೆ, ನೀಟ್‌ನಲ್ಲಿ ಸೀಟು ಬಾರದೆ, ಕಡೆಗೆ ಹತ್ತಿರದ ಕಾಲೇಜಿನಲ್ಲಿ ಸಿಕ್ಕ ಡಿಗ್ರಿ ಮಾಡಿದವರು ನನ್ನ ಪಟ್ಟಿಯಲ್ಲಿ ಬಹಳ ಇದ್ದಾರೆ. ನಾನು ಮೊದಲು ಹೇಳುವುದು ಸರ್ಕಾರಿ ಪಾಲಿಟೆಕ್ನಿಕ್. ಗಣಿತ, ವಿಜ್ಞಾನದ ಅಂಕದ ಮೇಲೆ ಸೀಟು. ಮೂರು ವರ್ಷಕ್ಕೆ ಡಿಪ್ಲೊಮಾ ಕೈಗೆ ಬರುತ್ತದೆ. ಓದುವ ಆಸೆ ಇದ್ದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಎಂಜಿನಿಯರಿಂಗ್‌ಗೆ ಹೋಗಬಹುದು. ಮನೆಯಲ್ಲಿ ಕಷ್ಟ ಇದ್ದರೆ ಅಲ್ಲೇ ನಿಲ್ಲಿಸಿ ಕೆಲಸಕ್ಕೆ ಸೇರಬಹುದು. ಐಟಿಐ ಮುಗಿಸಿದವರಿಗೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ದಾರಿ ಇದೆ. ನಮ್ಮ ಮಕ್ಕಳಿಗೆ ಬೇಕಾದದ್ದು ಇಂಥ ಮೆಟ್ಟಿಲು, ಎಲ್ಲಿ ನಿಂತರೂ ಕೈಯಲ್ಲಿ ಏನಾದರೂ ಇರುವಂಥದ್ದು. ಸರ್ಕಾರದ ಟೂಲ್ ರೂಮ್, ಅಂದರೆ ಜಿಟಿಟಿಸಿ ಡಿಪ್ಲೊಮಾದ ಬಗ್ಗೆ ಹಳ್ಳಿಯಲ್ಲಿ ಕೇಳಿದವರೇ ಕಡಿಮೆ. ಕಬ್ಬಿಣದ ಕೆಲಸ ಅಂತ ಮೂಗು ಮುರಿಯುತ್ತಾರೆ. ಅಲ್ಲಿಂದ ಹೊರಬಂದವರು ಕೆಲಸಕ್ಕೆ ಪರದಾಡಿದ್ದನ್ನು ನಾನು ಕಂಡಿಲ್ಲ.

ಹಾಗಂತ ಸೈನ್ಸ್ ಬೇಡ ಅಂತಲ್ಲ. ಯಾರಿಗೆ ನಿಜವಾಗಿ ಗಣಿತದ ರುಚಿ ಹತ್ತಿದೆಯೋ ಅವರನ್ನು ಏಪ್ರಿಲ್-ಮೇನಲ್ಲಿ ಬೆಳಿಗ್ಗೆ ಬಿಸಿಲೇರುವ ಮುಂಚೆ ಶಾಲೆಗೆ ಕರೆಸುತ್ತೇನೆ. ಪ್ರಥಮ ಪಿಯು ಗಣಿತ ಪುಸ್ತಕದ ಮೊದಲ ಪಾಠ ಗಣಗಳು. ಅದನ್ನೇ ಇಂಗ್ಲಿಷ್‌ನಲ್ಲಿ ಓದಿಸುತ್ತೇನೆ. ಹತ್ತು ವರ್ಷ ಕನ್ನಡದಲ್ಲಿ ಕಲಿತ ಮಗುವಿಗೆ ಜೂನ್ ಒಂದರಂದು ಎಲ್ಲವೂ ಇಂಗ್ಲಿಷ್ ಆಗಿಬಿಡುತ್ತದೆ. ತರಗತಿಗೆ ಮೊದಲು ಇದ್ದವಳು ಮೊದಲ ಕಿರುಪರೀಕ್ಷೆಯಲ್ಲಿ ಕೆಳಗೆ ಬಿದ್ದು "ಮಿಸ್, ನಾ ದಡ್ಡಿ ಆಗೇನಿ" ಅಂತ ಫೋನಿನಲ್ಲಿ ಅಳುತ್ತಾಳೆ. ಅವಳು ದಡ್ಡಿ ಅಲ್ಲ, ಪುಸ್ತಕದ ಭಾಷೆ ಬದಲಾಗಿದೆ ಅಷ್ಟೆ. ಮೊದಲ ಎರಡು ಪಾಠ ಮುಂಚೆಯೇ ಗೊತ್ತಿದ್ದರೆ ಆ ಹೆದರಿಕೆ ಅರ್ಧ ಇಳಿಯುತ್ತದೆ.

ಇನ್ನು ಇರುವ ಜಾಗ. ಹಾಸ್ಟೆಲ್ ಸಿಕ್ಕರೆ ಅರ್ಧ ಗೆದ್ದ ಹಾಗೆ. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಾಗಿನಿಂದ ಮೀಸಲಾತಿಯ ಬಗ್ಗೆ ಜನ ವಾದ ಮಾಡುತ್ತಲೇ ಇದ್ದಾರೆ. ನನ್ನ ಮಟ್ಟಿಗೆ ಮೀಸಲಾತಿಗಿಂತ ಮೊದಲು ನನ್ನನ್ನು ಎತ್ತಿದ್ದು ಹಾಸ್ಟೆಲಿನ ಎರಡು ಹೊತ್ತಿನ ಊಟ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ಊಟ-ವಸತಿಗೆ ಸರ್ಕಾರ ಕೊಡುವ ವಿದ್ಯಾಸಿರಿ ಇದೆ. ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು. ಆದರೆ ಆ ದುಡ್ಡಿನಲ್ಲಿ ರೂಮ್ ಹುಡುಕಬೇಕಲ್ಲ. ಒಬ್ಬ ದಲಿತ ಹುಡುಗನ ಜೊತೆ ರೂಮ್ ನೋಡಲು ಹೋಗಿದ್ದೆ. ಫೋನಿನಲ್ಲಿ ಬಾಡಿಗೆ ಮಾತಾಗಿತ್ತು. ಮನೆಯವರು ಮೊದಲು ಊರು ಕೇಳಿದರು, ಆಮೇಲೆ ಊರಲ್ಲಿ ಯಾವ ಓಣಿ ಅಂತ ಕೇಳಿದರು. ಆಮೇಲೆ "ನಿನ್ನೇನೇ ಒಬ್ರಿಗೆ ಕೊಟ್ಬಿಟ್ಟೀವ್ರಿ" ಅಂದರು. ಹುಡುಗ ನನಗಿಂತ ಮುಂಚೆ ಚಪ್ಪಲಿ ಹಾಕಿಕೊಂಡ. ಅವನಿಗೆ ಇದು ಹೊಸದೇನಲ್ಲ. ಅಂದಿನಿಂದ ಪರಿಶಿಷ್ಟ ಜಾತಿಯ ಮಕ್ಕಳ ಹಾಸ್ಟೆಲ್ ಅರ್ಜಿಯನ್ನು ನಾನೇ ಮುಂದೆ ಕೂತು ಹಾಕಿಸುತ್ತೇನೆ. ಆ ಮಕ್ಕಳಿಗೆ ಹಾಸ್ಟೆಲ್ ತಪ್ಪಿದರೆ ಎಷ್ಟೋ ಕಡೆ ಬೇರೆ ದಾರಿಯೇ ಇರುವುದಿಲ್ಲ.

ಮನೆಯಿಂದ ಓಡಾಡುವ ಹುಡುಗಿಯರಿಗೆ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಇಲ್ಲ. ಆದರೆ ಬಸ್ಸೇ ಹೊತ್ತಿಗೆ ಸರಿಯಾಗಿ ಬರದಿದ್ದರೆ? ನಮ್ಮೂರಿಗೆ ಬೆಳಗಿನ ಬಸ್ಸು ಬರುತ್ತಿದ್ದದ್ದು ಮೊದಲ ಪಿರಿಯಡ್ ಶುರುವಾದ ಮೇಲೆ. ಪಂಚಾಯಿತಿ ಅಧ್ಯಕ್ಷರ ಸಹಿ, ತಂದೆ-ತಾಯಿಯರ ಸಹಿ, ಕಾಲೇಜಿನ ವೇಳಾಪಟ್ಟಿ ಮೂರನ್ನೂ ಸೇರಿಸಿ ಡಿಪೊಗೆ ಅರ್ಜಿ ಕೊಟ್ಟೆವು. ಅದಕ್ಕೆ ಮುಂಚೆ ಕೊಟ್ಟ ಬರೀ ಅರ್ಜಿಗೆ ಏನೂ ಆಗಿರಲಿಲ್ಲ. ವೇಳಾಪಟ್ಟಿ ಹಚ್ಚಿದ ಮೇಲೆ ಬಸ್ಸಿನ ಹೊತ್ತು ಬದಲಾಯಿತು.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಸ್ಕಾಲರ್‌ಶಿಪ್ ಇದೆ, ಫೀ ವಿನಾಯಿತಿ ಇದೆ, ರೈತರ ಮಕ್ಕಳಿಗೆ 2021ರಿಂದ ರೈತ ವಿದ್ಯಾನಿಧಿ ಇದೆ. ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದರೆ ಮಕ್ಕಳ ಓದಿಗೆ ಸಹಾಯ ಸಿಗುತ್ತದೆ. ನಮ್ಮ ಅರ್ಧ ಊರು ಕಟ್ಟಡ ಕೆಲಸದಲ್ಲೇ ಇದ್ದರೂ ಕಾರ್ಡ್ ಮಾಡಿಸಿದವರು ಕಡಿಮೆ. ವರ್ಷದಲ್ಲಿ 90 ದಿನ ಕೆಲಸ ಮಾಡಿದ ಬಗ್ಗೆ ಕಾಗದ ಬೇಕು. ಇವತ್ತು ಒಂದು ಸೈಟು, ನಾಳೆ ಇನ್ನೊಂದು ಸೈಟು ಅನ್ನುವವರು ಯಾರ ಹತ್ತಿರ ಬರೆಸಿಕೊಳ್ಳಬೇಕು? ಗುಳೆ ಹೋಗುವಾಗಲೇ ಮೇಸ್ತ್ರಿಗೆ ಹೇಳಿಡಿ ಅಂತ ನೆನಪು ಮಾಡುತ್ತೇನೆ. ಸರ್ಕಾರಿ ಶಾಲೆಯಲ್ಲೇ ಎಸ್ಸೆಸ್ಸೆಲ್ಸಿ, ಸರ್ಕಾರಿ ಕಾಲೇಜಿನಲ್ಲೇ ಪಿಯುಸಿ ಮುಗಿಸಿ ಡಿಗ್ರಿ ಸೇರುವ ಹುಡುಗಿಯರಿಗೆ ಈಗ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000 ಇದೆ.

ಆದರೆ ಇದೆಲ್ಲ ಬರುವುದು ಕಾಲೇಜು ಶುರುವಾಗಿ ಎಷ್ಟೋ ತಿಂಗಳಾದ ಮೇಲೆ. ಖರ್ಚು ಇರುವುದು ಜೂನ್‌ನಲ್ಲಿ. ಟ್ರಂಕು, ಜಮಖಾನ, ಹೊದಿಕೆ, ತಟ್ಟೆ, ಬೂಟು, ಫೋಟೊ, ಝೆರಾಕ್ಸ್, ಪಾಲಿಟೆಕ್ನಿಕ್ ಆದರೆ ಚಿತ್ರ ಬರೆಯುವ ಸಾಧನ ಡ್ರಾಫ್ಟರ್. ಜೂನ್ ಅಂದರೆ ಬಿತ್ತನೆ. ಬೀಜ, ಗೊಬ್ಬರಕ್ಕೆ ಸಾಲ ಮಾಡುವ ತಿಂಗಳು. ಮೂರು-ನಾಲ್ಕು ಸಾವಿರಕ್ಕೆ ಒಂದು ಸೀಟು ಹೋಗುತ್ತದೆ ಅಂದರೆ ನಂಬುತ್ತೀರಾ? ನನ್ನ ನೋಟ್‌ಬುಕ್ಕಿನ ಬಲಗಡೆ ಎಷ್ಟೋ ಹೆಸರುಗಳ ಕಥೆ ಅದೇ.

ನಾವು ಕೆಲವು ಶಿಕ್ಷಕರು ಸೇರಿ ಒಂದು ಸಣ್ಣ ಗಂಟು ಮಾಡಿದೆವು. ಒಬ್ಬರಿಗೆ ಹೆಚ್ಚೆಂದರೆ 4,000. ಬಡ್ಡಿ ಇಲ್ಲ. ದಾನ ಅಂತ ಕೊಡುವುದಿಲ್ಲ, ಸಾಲ ಅಂತಲೇ ಕೊಡುತ್ತೇವೆ. ಪುಸ್ತಕದಲ್ಲಿ ತಾಯಿ ಸಹಿ ಅಥವಾ ಹೆಬ್ಬೆಟ್ಟು. ದಾನ ಅಂದರೆ ಎಷ್ಟೋ ಮನೆಯವರು ಮುಖ ತಿರುಗಿಸುತ್ತಾರೆ, ತಗೊಂಡವರ ಬಗ್ಗೆ ಊರಲ್ಲಿ ಮಾತೂ ಆಗುತ್ತದೆ. ಸಾಲಕ್ಕೆ ಆ ತೊಂದರೆ ಇಲ್ಲ, ಊರಲ್ಲಿ ಸಾಲ ಇಲ್ಲದವರು ಯಾರಿದ್ದಾರೆ! ಸ್ಕಾಲರ್‌ಶಿಪ್ ಬಂದಾಗ ತೀರಿಸಬೇಕು. ಕೆಲವರು ತೀರಿಸುವುದಿಲ್ಲ, ನಾವು ಬೆನ್ನು ಹತ್ತುವುದಿಲ್ಲ. ಕೆಲಸ ಸಿಕ್ಕ ಹಳೆ ವಿದ್ಯಾರ್ಥಿಗಳು ತಮ್ಮದು ತೀರಿಸಿ ಮೇಲಿಷ್ಟು ಹಾಕುತ್ತಾರೆ. ಹಾಗಾಗಿ ಗಂಟು ಕರಗಿಲ್ಲ.

ಸೇರಿಸಿದ ಮೇಲೆ ಕೈ ತೊಳೆದುಕೊಂಡರೆ ಆಗಲಿಲ್ಲ. ದಸರಾ ರಜೆಗೆ ಊರಿಗೆ ಬಂದವರಲ್ಲಿ ಕೆಲವರು ವಾಪಸ್ ಹೋಗುವುದೇ ಇಲ್ಲ. ಹತ್ತಿ ಹೊಲ ಕರೆಯುತ್ತದೆ, ಹಾಸ್ಟೆಲಿನ ಬೇಸರ ಬೇರೆ. ಅದಕ್ಕೆ ರಜೆ ಮುಗಿಯುವ ಎರಡು ದಿನ ಮುಂಚೆ ನಾನು ಫೋನ್ ಮಾಡುತ್ತೇನೆ. ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಸೀನಿಯರ್‌ಗಳು. ಒಂದೇ ಊರಿನ ಎರಡನೇ ವರ್ಷದ ಹುಡುಗಿ ಮನೆಗೆ ಹೋಗಿ "ನಡಿ, ಒಂಬತ್ತರ ಬಸ್ಸಿಗೆ ಹೋಗೋಣು" ಅಂದರೆ ತಾಯಿ ಬುತ್ತಿ ಕಟ್ಟಿಬಿಡುತ್ತಾಳೆ. ಒಬ್ಬೊಬ್ಬರನ್ನೇ ಬೇರೆ ಬೇರೆ ಊರಿಗೆ ಕಳಿಸುವ ಬದಲು ಇಬ್ಬರು-ಮೂವರನ್ನು ಒಂದೇ ಕಡೆ ಸೇರಿಸಲು ನೋಡುವುದು ಇದಕ್ಕೇ.

ಫೇಲಾದವರಿಗೆ 2024ರಲ್ಲಿ ಅದೇ ವರ್ಷ ಇನ್ನೆರಡು ಪರೀಕ್ಷೆ ಬರೆಯುವ ಅವಕಾಶ ಕೊಟ್ಟರು. ಒಳ್ಳೆಯದೇ ಆಯಿತು. ಆದರೆ ಹುಡುಗಿಯರು ಕೂತು ಬರೆಯುತ್ತಾರೆ, ಹುಡುಗರು ಫಲಿತಾಂಶದ ವಾರವೇ ಬೆಂಗಳೂರು ಬಸ್ಸು ಹತ್ತಿರುತ್ತಾರೆ. ಅಲ್ಲಿಂದ ಪರೀಕ್ಷೆಗೆ ಅಂತ ವಾಪಸ್ ಬಂದವರು ಕೈಬೆರಳೆಣಿಕೆ. ಕೂಲಿ ಬಿಟ್ಟು, ಬಸ್ ಖರ್ಚು ಹಾಕಿ, ಮತ್ತೆ ಫೇಲಾದರೆ ಅನ್ನುವ ಹೆದರಿಕೆ ಅವರಿಗೆ. ಹುಡುಗರ ವಿಷಯದಲ್ಲಿ ನನ್ನ ಯಾವ ಉಪಾಯವೂ ಇನ್ನೂ ಸರಿಯಾಗಿ ನಡೆದಿಲ್ಲ.

ಬೇರೆ ಶಾಲೆಗಳ ಶಿಕ್ಷಕರು ಫೋನ್ ಮಾಡಿ ಎಲ್ಲಿಂದ ಶುರು ಮಾಡಲಿ ಅಂತ ಕೇಳುತ್ತಾರೆ. ಫಂಡ್, ಹಾಸ್ಟೆಲ್ ಎಲ್ಲ ಆಮೇಲೆ ನೋಡಿಕೊಳ್ಳಿ ಅನ್ನುತ್ತೇನೆ. ಒಂಬತ್ತನೇ ತರಗತಿಯ ಒಂದು ಪಿರಿಯಡ್ ತಗೊಳ್ಳಿ. ದಾಖಲಾತಿ ಪುಸ್ತಕ ಒಂದು ಕಡೆ, ಮಕ್ಕಳ ಆಧಾರ್ ಝೆರಾಕ್ಸ್ ಇನ್ನೊಂದು ಕಡೆ ಇಟ್ಟುಕೊಂಡು ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನಾಂಕ ಮೂರನ್ನೂ ತಾಳೆ ನೋಡಿ. ತಾಳೆ ಆಗದವರ ಪಟ್ಟಿ ನಿಮ್ಮ ಜೇಬಿನಲ್ಲಿರಲಿ, ಮುಂದಿನ ಕೆಲಸ ಏನು ಅಂತ ಆ ಪಟ್ಟಿಯೇ ಹೇಳುತ್ತದೆ.